ಎರಡನೇ ಅಮ್ಮ

“ಎಲ್ಲಾ ಚೆನ್ನಾಗೇ ಹೇಳ್ತೀಯ, ‘ಎರಡನೇ ಅಮ್ಮ’ ಅನ್ನೋ ಕಡೆ ಮಾತ್ರ ಯಾಕೆ ದನಿ ನುಂಗ್ಕೋತೀಯ?” ಎಂದು ಕೇಳಿದರು ಕಾಲೆವ್ ಸರ್. “ಇನ್ನೊಂದ್ಸಲ ಹೇಳು. ಹಾಲ್‌ನಲ್ಲಿ ಕಡೇ ಸಾಲಿನ ಅಜ್ಜಿಯರಿಗೂ ಕೇಳಿಸ್ಬೇಕು.”

ಬಿಲ್ಯಾನಾ ತಲೆ ತಗ್ಗಿಸಿದಳು. ಹಿಂದಿನ ಬೆಂಚಿನಲ್ಲಿ ಅವಳ ಕ್ಲಾಸಿನ ಹುಡುಗ ಯಾವೋರ್ ಬಾಯಿಗೆ ಸ್ಕಾರ್ಫ್ ತುರುಕಿಕೊಂಡು ಕಿಸಿಕಿಸಿ ನಗುತ್ತಿದ್ದ.

ನಾಳೆ ಮಾರ್ಚ್ ಎಂಟು, ಹೆಂಗಸರ ಹಬ್ಬ. ಆ ದಿನ ಬಲ್ಗೇರಿಯಾದಲ್ಲಿ ಅಮ್ಮನಿಗೂ ಮಿಸ್‌ಗೂ ಹೂವು ಕೊಡದ ಮಕ್ಕಳೇ ಇಲ್ಲ. ಬಿಲ್ಯಾನಾಳ ಶಾಲೆಯಲ್ಲಿ ಅದಕ್ಕೊಂದು ಕ್ರಮವೇ ಇತ್ತು. ಒಂದೊಂದು ಕ್ಲಾಸಿನಿಂದ ಒಬ್ಬೊಬ್ಬರು ಸ್ಟೇಜ್ ಹತ್ತಿ ಪದ್ಯ ಹೇಳಬೇಕು. ಆಮೇಲೆ ಕೆಳಗಿಳಿದು, ಮುಂದಿನ ಸಾಲಿನಲ್ಲಿ ಕೂತ ತಮ್ಮ ಮಿಸ್ ಕೈಗೆ ಹೂಕುಂಡ ಕೊಡಬೇಕು. ಮೂರನೇ ಕ್ಲಾಸಿನ ಪಾಲಿಗೆ ಬರುವುದು ಪ್ರತಿ ವರ್ಷ ಒಂದೇ ಪದ್ಯ. ಅದರ ಕೊನೆಯ ಸಾಲು, “ಕೈ ಹಿಡಿದು ಬರೆಸಿದ ನೀವೇ ನಮ್ಮ ಎರಡನೇ ಅಮ್ಮ.”

ತೊಂದರೆ ಏನೆಂದರೆ, ಈ ವರ್ಷ ಮೂರನೇ ಕ್ಲಾಸಿಗೆ ಮಿಸ್ಸೇ ಇರಲಿಲ್ಲ. ಅವರು ಹೆರಿಗೆ ರಜೆ ಹಾಕಿ ಹೋಗಿದ್ದರು. ಅವರ ಜಾಗಕ್ಕೆ ಬಂದವರು ಕಾಲೆವ್ ಸರ್. ಶಾಲೆಯಲ್ಲಿ ಹನ್ನೊಂದು ಮಿಸ್‌ಗಳು, ಇವರೊಬ್ಬರೇ ಸರ್. ಬಾಯ್ಲರ್ ನೋಡಿಕೊಳ್ಳುವ ತಾತನನ್ನು ಬಿಟ್ಟರೆ ಇಡೀ ಶಾಲೆಯಲ್ಲಿ ಮೀಸೆ ಇದ್ದದ್ದೂ ಇವರಿಗೇ.

ಮೊದಲ ವಾರ ಗೇಟಿನ ಹತ್ತಿರ ಅಜ್ಜಿಯರ ಗುಸುಗುಸು ನಡೆದಿತ್ತು. “ಗಂಡಸು! ಇಷ್ಟಿಷ್ಟು ಚಿಕ್ಕ ಮಕ್ಕಳನ್ನ ಸಂಭಾಳಿಸ್ತಾನಾ?” ಕ್ಲಾಸಿನ ಒಳಗೆ ಮಕ್ಕಳು ಅಭ್ಯಾಸಬಲದಿಂದ “ಮಿಸ್, ಮಿಸ್” ಎಂದು ಕೈ ಎತ್ತುತ್ತಿದ್ದರು. ಸರ್ ಬೇಸರ ಮಾಡಿಕೊಳ್ಳದೆ “ಹ್ಞೂಂ, ಹೇಳಪ್ಪ” ಎನ್ನುತ್ತಿದ್ದರು. ಸಿಕ್ಕಿಕೊಂಡ ಜಾಕೆಟ್ ಜಿಪ್‌ಗಳನ್ನು ಬಿಡಿಸುತ್ತಿದ್ದರು. ಒಮ್ಮೆ ಬಿಲ್ಯಾನಾಳ ಹಲ್ಲು ಕ್ಲಾಸಿನಲ್ಲೇ ಬಿದ್ದಾಗ, ಅದನ್ನು ತೊಳೆದು, ಕಾಗದದ ಪೊಟ್ಟಣ ಕಟ್ಟಿ, ಬ್ಯಾಗಿನೊಳಗೆ ಇಟ್ಟು ಕಳಿಸಿದ್ದರು.

ಆದರೂ ಮೀಸೆಯ ಸರ್‌ನ ನೋಡಿಕೊಂಡು, ಮುನ್ನೂರು ಜನರ ಮುಂದೆ, ‘ಎರಡನೇ ಅಮ್ಮ’ ಎನ್ನುವುದು ಹೇಗೆ?

“ಎರಡನೇ ಅಪ್ಪ ಅಂದ್ಬಿಡೇ, ಮುಗೀತು” ಎಂದ ಯಾವೋರ್.

“ಸುಮ್ನಿರೋ ನೀನು! ಸರ್, ಬದಲಾಯಿಸ್ಲಾ ಸರ್?”

“ಬೇಡಮ್ಮ, ಇದ್ದ ಹಾಗೇ ಹೇಳು” ಎಂದರು ಸರ್. “ನಾನೂ ಹಾಗೇ ಹೇಳಿದ್ದೆ.”

“ನೀವಾ?”

“ಹ್ಞೂಂ, ನಾನೇ. ಮೂರನೇ ಕ್ಲಾಸಲ್ಲಿ, ಇದೇ ಸ್ಟೇಜ್ ಮೇಲೆ. ನಮ್ಮ ತ್ಸೊಂಕಾ ಮಿಸ್ ಕೆಳಗೆ ಕೂತಿದ್ರು. ಹೂವು ಕೊಟ್ಟಾಗ ಅವರ ಮುಖ ನೋಡ್ಬೇಕಿತ್ತು ನೀನು! ಮನೆಗೆ ಓಡಿಹೋಗಿ, ದೊಡ್ಡವನಾದ್ಮೇಲೆ ನಾನೂ ಆ ಕುರ್ಚೀಲಿ ಕೂರ್ತೀನಿ ಅಂದೆ.”

“ಮನೇಲಿ ಏನಂದ್ರು ಸರ್?”

“ಎಲ್ಲಾ ಹೊಟ್ಟೆ ಹಿಡ್ಕೊಂಡು ನಕ್ರು.” ಸರ್ ಕೂಡ ನಕ್ಕರು. “ಸರಿ, ಮೊದಲಿಂದ ಹೇಳು ನೋಡೋಣ.”

ಯಾವೋರ್ ಮನೆಗೆ ಹೋದ. ಸರ್ ಮಾತ್ರ ಸಂಜೆ ಐದರ ತನಕ ಕೂತು ಅವಳಿಂದ ಪದ್ಯ ಹೇಳಿಸಿದರು. ಅವಳು ತಡವರಿಸಿದ ಕಡೆಯಲ್ಲೆಲ್ಲ, ಪುಸ್ತಕ ನೋಡದೆಯೇ ಅವರ ಬಾಯಿಂದ ಸಾಲು ಬರುತ್ತಿತ್ತು.

ಅವಳೊಬ್ಬಳೇ ಹೊರಗೆ ಬಂದಾಗ ಕಾರಿಡಾರಿನಲ್ಲಿ ಹೆಡ್‌ಮಿಸ್ ರಾದೋಯೆವಾ ಸಿಕ್ಕರು. ಅವರು ಕೆಟ್ಟವರಲ್ಲ. ಬಿಲ್ಯಾನಾಳ ಟೋಪಿ ಸರಿ ಮಾಡಿ, ಮೆಲ್ಲಗೆ ಹೇಳಿದರು. “ನೋಡು ಪುಟ್ಟಿ, ನಾಳೆ ನಿಮ್ಮ ಕ್ಲಾಸಿನ ಹೂವು ನಂಗೇ ಕೊಟ್ಬಿಡು. ಸ್ಟೇಜ್ ಮೇಲಿಂದ ನನ್ನನ್ನೇ ನೋಡ್ಕೊಂಡು ಪದ್ಯ ಹೇಳು. ಪಾಪ, ಅಷ್ಟು ಜನದ ಮುಂದೆ ಆ ಮನುಷ್ಯನಿಗೆ ಯಾಕೆ ಮುಜುಗರ?”

“ಆಗ್ಲಿ ಮಿಸ್” ಎಂದಳು ಬಿಲ್ಯಾನಾ. ಹೆಡ್‌ಮಿಸ್‌ಗೆ ಆಗಲ್ಲ ಎನ್ನುವುದಕ್ಕೆ ಆಗುತ್ತದೆಯೇ?

ಆದರೆ ಮನೆಗೆ ಹೋದ ಮೇಲೆ ಅವಳಿಗಿಷ್ಟದ ಚೀಸ್ ಕಡುಬು, ಬಿಸಿಬಿಸಿ ಬಾನಿತ್ಸಾ ಕೂಡ ತಟ್ಟೆಯಲ್ಲೇ ಉಳಿಯಿತು. ಸರ್‌ಗೆ ಈ ವಿಷಯ ಗೊತ್ತೇ ಇಲ್ಲವಲ್ಲ! ನಾಳೆ ಅವರು ಹೂವಿಗೆ ಕೈ ಚಾಚುತ್ತಾರೆ, ತಾನು ಮುಂದಕ್ಕೆ ಹೋಗಿಬಿಡುತ್ತೇನೆ. ಚಾಚಿದ ಆ ಕೈಯನ್ನು ಅವರು ಆಮೇಲೆ ಏನು ಮಾಡುತ್ತಾರೆ? 

ಮರುದಿನ ಹಾಲ್ ಕಿಕ್ಕಿರಿದಿತ್ತು. ಮುಂದಿನ ಸಾಲಿನಲ್ಲಿ ಹನ್ನೊಂದು ಮಿಸ್‌ಗಳು, ತುದಿಯ ಕುರ್ಚಿಯಲ್ಲಿ ಹೆಡ್‌ಮಿಸ್. ಅವರ ಪಕ್ಕದಲ್ಲೇ ಇಸ್ತ್ರಿ ಮಾಡಿದ ಹೊಸ ಪ್ಯಾಂಟ್ ಹಾಕಿಕೊಂಡು ಕಾಲೆವ್ ಸರ್ ಕೂತಿದ್ದರು.

ಬಿಲ್ಯಾನಾ ಪದ್ಯ ಹೇಳಿದಳು. ಹೆಡ್‌ಮಿಸ್‌ನ ನೋಡಿಕೊಂಡೇ ಹೇಳಿದಳು. “ಎರಡನೇ ಅಮ್ಮ” ಎಂದು ಮುಗಿಸಿದಾಗ ಜೋರು ಚಪ್ಪಾಳೆ ಬಿತ್ತು. ನೀಲಿ ಹೂವಿನ ಕುಂಡ ಹಿಡಿದು ಮೆಟ್ಟಿಲಿಳಿದು, ಸಾಲಿನ ಮುಂದೆ ನಡೆಯುತ್ತಾ ಬಂದಳು. ಹೆಡ್‌ಮಿಸ್ ಆಗಲೇ ನಗುತ್ತಾ ಅರ್ಧ ಎದ್ದಿದ್ದರು.

ಸರ್ ಕೈ ಚಾಚಲಿಲ್ಲ. ಅವಳು ಹತ್ತಿರ ಬರುತ್ತಿದ್ದಂತೆ, ತಮ್ಮ ಉದ್ದನೆಯ ಕಾಲುಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು. ಅವಳಿಗೆ ಮುಂದಕ್ಕೆ ಹೋಗಲು ದಾರಿ ಬಿಟ್ಟರು.

ಬಿಲ್ಯಾನಾ ಅಲ್ಲೇ ನಿಂತುಬಿಟ್ಟಳು.

ಅಂದರೆ ಸರ್‌ಗೆ ಮೊದಲೇ ಗೊತ್ತಿತ್ತು, ಹೆಡ್‌ಮಿಸ್ ಅವಳಿಗಿಂತ ಮುಂಚೆ ಅವರಿಗೇ ಹೇಳಿರಬೇಕು. ಹೂವು ತಮಗಲ್ಲ ಎಂದು ಗೊತ್ತಿದ್ದೂ ನಿನ್ನೆ ಐದರ ತನಕ ಕೂತು, “ಇನ್ನೊಂದ್ಸಲ ಹೇಳು” ಎಂದು ಅವಳಿಗೆ ಕಲಿಸಿದ್ದರು.

“ಹೆಡ್‌ಮಿಸ್ ಆ ಕಡೆ ಇದಾರಮ್ಮ” ಎಂದು ಸರ್ ಪಿಸುಗುಟ್ಟಿದರು.

“ಗೊತ್ತು ಸರ್. ಇದು ನಿಮಗೆ.”

ಹಾಲ್‌ನಲ್ಲಿ ಯಾರೋ ಕಿಸಕ್ಕೆಂದರು. ಯಾವೋರನೇ ಇರಬೇಕು. ಆದರೆ ಅವಳಿಗೆ ಒಂದಿಷ್ಟೂ ನಾಚಿಕೆಯಾಗಲಿಲ್ಲ. ಸರ್ ಎದ್ದು ನಿಂತು, ಎರಡೂ ಕೈಯಲ್ಲಿ ಕುಂಡ ತೆಗೆದುಕೊಂಡರು. ತಳದಿಂದ ನೀರು ತೊಟ್ಟಿಕ್ಕಿ ಹೊಸ ಪ್ಯಾಂಟ್ ಒದ್ದೆಯಾಗುತ್ತಿತ್ತು. ಅದು ಅವರ ಗಮನಕ್ಕೇ ಬರಲಿಲ್ಲ.  ಅರ್ಧ ಎದ್ದಿದ್ದ ಹೆಡ್‌ಮಿಸ್ ಪೂರ್ತಿ ಎದ್ದು ನಿಂತರು. ಆಮೇಲೆ ಅವರೇ ಮೊದಲು ಚಪ್ಪಾಳೆ ತಟ್ಟಿದರು.

ಬಿಲ್ಯಾನಾ ತನ್ನ ಜಾಗಕ್ಕೆ ಹೊರಟಳು. ತಿರುಗಿ ನೋಡಬೇಕು ಎಂದು ಅವಳಿಗೆ ಬಹಳ ಆಸೆಯಾಯಿತು. ಆದರೆ ನೋಡಲಿಲ್ಲ. ಸರ್‌ಗೆ ಕಣ್ಣು ಒರೆಸಿಕೊಳ್ಳಲು ಸಮಯ ಸಿಗಲಿ ಎಂದು ನಿಧಾನವಾಗಿ ನಡೆದಳು.