ಬಿಸಿಲು ತಿಂದ ಕುರ್ಚಿ

ಫೋಲ್ಡರ್ ಖಾಲಿ!

ಪುಟ್ಟಿ ಮತ್ತೊಮ್ಮೆ ಒತ್ತಿದಳು. ಖಾಲಿಯೇ. ತೀರಿಹೋದ ಅಪ್ಪನ ಕೋಣೆ, ಕಿಟಕಿ, ಕಿಟಕಿಯಿಂದ ಬರುವ ಬೆಳಗಿನ ಬಿಸಿಲು, ಆ ಬಿಸಿಲಿಗೆ ಮಗ್ಗುಲು ಕೊಟ್ಟು ನಿಂತ ಕುರ್ಚಿ—ವರ್ಷವಿಡೀ ಅನಿಮೇಷನ್ ಶಾಲೆಯಲ್ಲಿ ಬೆಳಕು ಕೂಡಿಸುವುದನ್ನು ಕಲಿತು ಕಟ್ಟಿದ ಒಂದೇ ಒಂದು ದೃಶ್ಯ—ಗುಡಿಸಿ ಹಾಕಿದಂತೆ ಹೋಗಿತ್ತು. ಅವತ್ತು ಮಧ್ಯಾಹ್ನವೇ ದೃಶ್ಯ ನೋಡಿ ಒಬ್ಬರನ್ನು ಕೆಲಸಕ್ಕೆ ಆರಿಸಲು ಸ್ಟುಡಿಯೋದವರು ಬರುವವರಿದ್ದರು. ಕೆಲಸ ಒಂದೇ, ಕಾದವರು ಮೂವರು.

"ಅಣ್ಣಾ!" ಎಂದು ಕೂಗಿದಳು. ಪಕ್ಕದ ಕಂಪ್ಯೂಟರ್ ಯಂತ್ರದ ಮುಂದಿದ್ದ ಅಣ್ಣ ಓಡಿ ಬಂದ. ಅವನೂ ಅಲ್ಲೇ ಕಲಿಯುತ್ತಿದ್ದ. ಅವಳಿಗಿಂತ ಎಷ್ಟೋ ಮೊದಲೇ ಸೇರಿದ್ದ, ಕೆಲಸ ಮಾತ್ರ ಹತ್ತಿರ ಸುಳಿದಿರಲಿಲ್ಲ. ದೃಶ್ಯದಲ್ಲಿ ಮೊದಲ ದೀಪ ಎಲ್ಲಿಡಬೇಕೆಂದು ಅವಳಿಗೆ ಹೇಳಿಕೊಟ್ಟವನೇ ಅವನು.

"ಅಳ್ಬೇಡ ಕಣೇ. ಮೇಷ್ಟ್ರಿಗೆ ಹೇಳೋಣ."

ಮೇಷ್ಟ್ರೆಂದರೆ ನೆರಳು ಮೇಷ್ಟ್ರು. ಯಾವ ಚಿತ್ರ ತೋರಿಸಿದರೂ ಮುಖ ನೋಡುವ ಮೊದಲು ನೆರಳು ನೋಡುವ ಆಸಾಮಿ. ಬಾಗಿಲು ಹಾಕಿಸಿದರು. ಮೊದಲು ವಿಚಾರಣೆಗೆ ಸಿಕ್ಕವನು ಯಂತ್ರಗಳ ಕೋಣೆ ನೋಡಿಕೊಳ್ಳುವ ಬೀಗದ ಮಾಮ.

"ಇನ್ನೊಂದು ಪ್ರತಿ ಇರಬೇಕಲ್ಲ?"

"ಇತ್ತು ಸಾರ್. ನಿನ್ನೆ ಅಳಿಸಿದೆ."

"ಯಾಕೆ?"

"ಜಾಗ ಸಾಲ್ತಿಲ್ಲ, ಹಳೇದೆಲ್ಲ ತೆಗೀರಿ ಅಂದ್ರು."

"ಯಾರು ಅಂದ್ರು?"

ಮಾಮ ತಲೆ ಕೆರೆದ. "ಎಲ್ಲರೂ ದಿನಾ ಅದನ್ನೇ ಹೇಳ್ತಾರೆ ಸಾರ್. ನೆನಪಿಲ್ಲ."

ಎರಡನೆಯವನು ಅದೇ ಕೆಲಸಕ್ಕೆ ಕಾದಿದ್ದ ಇನ್ನೊಬ್ಬ ವಿದ್ಯಾರ್ಥಿ, ಗಡಿಬಿಡಿ. ಆ ಹೆಸರು ಸುಮ್ಮನೆ ಬಂದದ್ದಲ್ಲ. ಅವಸರದಲ್ಲಿ ಅವನು ಮಾಡಿದ ಗಾಜು ಪ್ಲಾಸ್ಟಿಕ್ಕಿನಂತೆ, ಪ್ಲಾಸ್ಟಿಕ್ಕು ಸಾಬೂನಿನಂತೆ ಕಾಣುತ್ತಿತ್ತು.

"ನಿನ್ನೆ ಇವಳ ಯಂತ್ರದ ಮುಂದೆ ಕೂತಿದ್ಯಾ?"

"ಕೂತಿದ್ದೆ ಸಾರ್! ಗಾಜು ಹೇಗೆ ಮಾಡಿದ್ದಾಳೆ ಅಂತ ನೋಡೋಕೆ. ಕದಿಯೋಕೂ ಬುದ್ಧಿ ಬೇಕು ಸಾರ್, ನನಗೆಲ್ಲಿದೆ?"

ಆ ಗೋಳಿನ ನಡುವೆಯೂ ಪುಟ್ಟಿಗೆ ನಗು ಬಂತು. ಮೇಷ್ಟ್ರು ನಗಲಿಲ್ಲ. ಸ್ಟುಡಿಯೋಗೆಂದು ಕೊಟ್ಟ ದೃಶ್ಯಗಳನ್ನು ಪರದೆಯ ಮೇಲೆ ಬಿಟ್ಟರು. ಮೊದಲು ಗಡಿಬಿಡಿಯ ಸೇಬು. ಆಮೇಲೆ ಅಣ್ಣನದು.

ಒಂದು ಕೋಣೆ. ಬಲಗಡೆ ಕಿಟಕಿ. ಸಂಜೆಯ ಕೆಂಪು ಬೆಳಕು. ನಮಗೆ ಬೆನ್ನು ಹಾಕಿದ ಕುರ್ಚಿ.

ಗಡಿಬಿಡಿ ಎದ್ದು ನಿಂತ. "ಇದು ಪುಟ್ಟೀದು!"

"ಅಲ್ಲ," ಎಂದಳು ಪುಟ್ಟಿ ಥಟ್ಟನೆ. "ನನ್ನದರಲ್ಲಿ ಕಿಟಕಿ ಎಡಕ್ಕಿತ್ತು, ಬೆಳಗಿನ ಹೊತ್ತು. ಅಣ್ಣನೂ ಅಪ್ಪನ ಕುರ್ಚೀನೇ ಮಾಡಿದಾನೆ ಸಾರ್. ಅವನಿಗೂ ಅಪ್ಪನೇ ಅಲ್ವಾ?"

ಅಣ್ಣ ನೆಲ ನೋಡುತ್ತಿದ್ದ. ಅಳು ತಡೆಯುತ್ತಿದ್ದಾನೆಂದುಕೊಂಡಳು ಅವಳು.

ಮೇಷ್ಟ್ರು ಪರದೆ ಆರಿಸಿದರು.

"ನೀನೇ ಮಾಡಿದ್ದೇನಪ್ಪ?"

"ಹೌದು ಸಾರ್."

"ಕುರ್ಚಿ ಬಟ್ಟೆಗೆ ಬಣ್ಣ ಹಾಕಿದವನೂ ನೀನೇ?"

"ನಾನೇ."

"ಯಾವ ಬಣ್ಣ?"

"ಕಡುಹಸಿರು."

"ಪೂರ್ತಿ ಒಂದೇ ಹಸಿರಾ? ಯೋಚನೆ ಮಾಡಿ ಹೇಳು."

"ಒಂದೇ ಹಸಿರು ಸಾರ್. ನಮ್ಮನೆ ಕುರ್ಚಿ ನನಗೆ ಗೊತ್ತಿಲ್ವಾ?"

ಪುಟ್ಟಿ ಬಾಯಿ ತೆರೆದವಳು ಮುಚ್ಚಿಕೊಂಡಳು.

ಮೇಷ್ಟ್ರು ಅಣ್ಣನ ಫೈಲು ತೆರೆದರು. ಕೆಂಪು ಸೂರ್ಯನನ್ನು ಆರಿಸಿದರು. ಉಳಿದ ದೀಪಗಳನ್ನೂ ಆರಿಸಿ, ಬರೀ ಬಳಿದ ಬಣ್ಣವಷ್ಟೇ ಕಾಣುವಂತೆ ಮಾಡಿದರು. ನೆರಳಿಲ್ಲ, ಹೊಳಪಿಲ್ಲ. ಕುರ್ಚಿ ಬೆತ್ತಲಾಗಿ ನಿಂತಿತು.

ಬಲಗಡೆ ಕಡುಹಸಿರು. ಕುರ್ಚಿಯ ಎಡಗೈ ಮಾತ್ರ ಬಿಸಿಲು ತಿಂದು ಬೆಳ್ಳಗಾಗಿತ್ತು. ಆ ಬಿಳುಪಿನ ನಡುವೆ ಅಂಗೈಯಗಲ ಹಸಿರು ಹಾಗೇ ಉಳಿದಿತ್ತು.

"ದೀಪ ಎತ್ತಿ ಎಡದಿಂದ ಬಲಕ್ಕೆ ಇಡೋದು ಕ್ಷಣದ ಕೆಲಸ," ಎಂದರು ಮೇಷ್ಟ್ರು. "ಕಿಟಕೀನೂ ಎತ್ತಿಡಬಹುದು. ಆದರೆ ಬಟ್ಟೆ ಮಾಸಿರೋದು ಬಣ್ಣದಲ್ಲೇ ಇದೆ, ಅದು ದೀಪದ ಹಿಂದೆ ಓಡಲ್ಲ. ಬಲಗಡೆ ಕಿಟಕಿ ಇದ್ರೆ ಎಡಗೈ ಹೇಗಪ್ಪ ಮಾಸುತ್ತೆ? ಕೆಂಪು ಬೆಳಕಲ್ಲಿ ಅದು ನಿನ್ನ ಕಣ್ಣಿಗೆ ಬಿದ್ದಿಲ್ಲ. ಬಳಿದವರಿಗೆ ಗೊತ್ತಿರ್ತಿತ್ತು. ಪುಟ್ಟಿ, ಆ ಹಸಿರು ಯಾಕೆ ಉಳೀತು?"

ಅವಳು ಹೇಳಬಾರದೆಂದುಕೊಂಡಳು. ಹೇಳಿದರೆ ಅಣ್ಣ ಕಳ್ಳ. ಹೇಳದಿದ್ದರೆ ಅಪ್ಪನೇ ಸುಳ್ಳು.

"ಅಪ್ಪನ ಕೈ ಅಲ್ಲೇ ಇರ್ತಿತ್ತು ಸಾರ್. ಲಕ್ವ ಹೊಡೆದ ಮೇಲೆ ಎತ್ತೋಕೆ ಆಗ್ತಿರಲಿಲ್ಲ. ಕೈ ಕೆಳಗೆ ಬಿಸಿಲು ಬೀಳಲಿಲ್ಲ. ಆ ಕೋಣೆಗೆ ಅಣ್ಣ ಬರ್ತಿದ್ದೇ ಕಡಿಮೆ."

"ಪ್ರತಿ ಅಳಿಸಿ ಅಂದಿದ್ದೂ ಇವರೇ ಸಾರ್," ಎಂದ ಮಾಮ ಮೆಲ್ಲಗೆ. "ಈಗ ನೆನಪಾಯ್ತು."

ಅಣ್ಣ ಅಲ್ಲಗಳೆಯಲಿಲ್ಲ. "ಇನ್ನೊಂದು ಸಲ ಸ್ಟುಡಿಯೋದವರು ನನ್ನ ಕರೆಯಲ್ಲ ಪುಟ್ಟಿ. ನಿನಗಿನ್ನೂ ವಯಸ್ಸಿದೆ ಅಂದ್ಕೊಂಡೆ."

ಕಳ್ಳ ಸಿಕ್ಕ. ಕಳೆದದ್ದು ಸಿಗಲಿಲ್ಲ. ಅವಳ ಬೆಳಗಿನ ದೀಪಗಳನ್ನೆಲ್ಲ ಅವನು ಕಿತ್ತು ಹಾಕಿದ್ದ. ಹೊಸದಾಗಿ ಕೂಡಿಸಿದರೂ ಆ ಬೆಳಕನ್ನೆಲ್ಲ ಲೆಕ್ಕ ಹಾಕಿ ಚಿತ್ರ ಹೊರತೆಗೆಯಲು ಯಂತ್ರಕ್ಕೆ ಇಡೀ ರಾತ್ರಿ ಬೇಕು. ಸ್ಟುಡಿಯೋದ ಮೇಡಂ ಮಧ್ಯಾಹ್ನ ಬಂದರು, ಮೇಷ್ಟ್ರು ಕೈಮುಗಿದು ಒಂದು ದಿನ ಕೇಳಿದರು, ಅವರು ಗಡಿಯಾರ ನೋಡಿಕೊಂಡರು. ಕೆಲಸ ಗಡಿಬಿಡಿಯ ಸಾಬೂನು ಸೇಬಿಗೆ ಹೋಯಿತು. ಅವನಿಗೂ ಸಂತೋಷಪಡಲು ನಾಚಿಕೆ.

ಅಣ್ಣತಂಗಿಯರ ಮನೆಗೆ ಇದ್ದದ್ದು ಒಂದೇ ಬೀಗದ ಕೈ. ಹಾಗಾಗಿ ಒಟ್ಟಿಗೇ ಹೋಗಬೇಕಾಯಿತು. ಬಾಗಿಲು ತೆರೆದೊಡನೆ ಅಣ್ಣ ನೇರ ಅಪ್ಪನ ಕೋಣೆಗೆ ಹೋದ. ಕುರ್ಚಿಯ ಪಕ್ಕ ಕುಕ್ಕರಗಾಲಲ್ಲಿ ಕೂತ. ಬಿಳುಪಿನ ನಡುವಿನ ಹಸಿರನ್ನು ಬಹಳ ಹೊತ್ತು ನೋಡಿದ. ಆಮೇಲೆ ಅದರ ಮೇಲೆ ಕೈ ಇಡಲು ಹೋದ.

"ಮುಟ್ಟಬೇಡ," ಎಂದಳು ಪುಟ್ಟಿ ಬಾಗಿಲಲ್ಲೇ ನಿಂತು. "ಇನ್ನು ಉಳಿದಿರೋದು ಅದೊಂದೇ."