ಮೊದಲು ಸೇಡಿ, ಆಮೇಲೆ ಡೆಲ್

“ಅಜ್ಜಾ, ಟೋಪಿ ತೆಗಿ! ಹಿಂದಿನವರಿಗೆ ಸ್ಟೇಜ್ ಕಾಣಲ್ಲ.”

“ಸ್ಟೇಜ್ ನನಗೇ ಕಾಣ್ತಿಲ್ಲ ಪುಟ್ಟಿ. ಇಷ್ಟು ಮೇಲೆ ಕೂತರೆ ಹಾಡುಗಾರರಿಗಿಂತ ಮೊದಲು ದೇವರೇ ಕಾಣ್ತಾನೆ,” ಎಂದ ಅಜ್ಜ. ಆದರೂ ಅಗಲ ಅಂಚಿನ ಟೋಪಿಯನ್ನು ತೆಗೆದು ತೊಡೆಯ ಮೇಲಿಟ್ಟುಕೊಂಡ.

ಲೇನಿ ಕಿಸಕ್ಕನೆ ನಕ್ಕಳು. ಲೆಕ್ಸಿಂಗ್ಟನ್ನಿನ ಆ ದೊಡ್ಡ ಅರೀನಾದಲ್ಲಿ ಅವರಿಬ್ಬರ ಸೀಟು ಹೆಚ್ಚುಕಡಿಮೆ ಚಾವಣಿಯ ಪಕ್ಕದಲ್ಲೇ ಇತ್ತು. ಕೆಳಗೆ ಜನ ಸಾಸಿವೆ ಚೆಲ್ಲಿದ ಹಾಗೆ ಕಾಣುತ್ತಿದ್ದರು. ಸ್ಟೇಜಿನ ಮೇಲೆ ನೀಲಿ ಹೊಗೆ ಮೆಲ್ಲಗೆ ತೇಲುತ್ತಿತ್ತು. ಕಣ್ಣು ಬಿಟ್ಟುಕೊಂಡೇ ಕನಸು ಕಾಣುತ್ತಿದ್ದೇನಾ ಅನ್ನಿಸಿತು ಅವಳಿಗೆ.

ಇವತ್ತಿನ ಕನ್ಸರ್ಟ್ ಇಬ್ಬರದು. ಒಬ್ಬಳು ಸೇಡಿ ಟ್ರೆಂಟ್. ಲೇನಿಯ ರೂಮಿನ ಗೋಡೆ ತುಂಬ ಅವಳದೇ ಫೋಟೋ. ಇನ್ನೊಬ್ಬ ಬಿಳಿಗಡ್ಡದ ಡೆಲ್ ಪ್ರೂಯಿಟ್. ಕೊಟ್ಟಿಗೆಯ ರೇಡಿಯೊದಲ್ಲಿ ಡೆಲ್ ಹಾಡದಿದ್ದರೆ ಅಜ್ಜನಿಗೆ ಹಾಲು ಕರೆಯುವ ಮನಸ್ಸೇ ಬಾರದು. ಪೋಸ್ಟರಿನಲ್ಲಿ ಇಬ್ಬರ ಹೆಸರೂ ಒಂದೇ ಅಳತೆಯಲ್ಲಿದ್ದವು.

ಆದರೆ ಅಮ್ಮ ಮನೆಯಲ್ಲೇ ಕಟ್ಟುನಿಟ್ಟಾಗಿ ಹೇಳಿದ್ದಳು. “ಅರ್ಧ ಮಾತ್ರ. ಒಬ್ಬರ ಹಾಡು ಮುಗಿದ ಕೂಡಲೇ ಹೊರಡಬೇಕು. ಅಷ್ಟು ದೂರ ಪಿಕಪ್ ಟ್ರಕ್ ಓಡಿಸಿ ಬಂದು, ಅಜ್ಜ ಮತ್ತೆ ಬೆಳಗಿನ ಜಾವಕ್ಕೇ ಏಳಬೇಕು. ಹಸುಗಳಿಗೆ ಕನ್ಸರ್ಟ್ ಗೊತ್ತಾಗಲ್ಲ.”

ಲೇನಿ ತಟ್ಟನೆ ಒಪ್ಪಿದ್ದಳು. ದೊಡ್ಡಮ್ಮನ ಮಗ ಟಕರ್ ಹೋದ ವಾರ ಲೂಯಿವಿಲ್‌ನಲ್ಲಿ ಇದೇ ಕನ್ಸರ್ಟ್ ನೋಡಿ ಬಂದಿದ್ದ. “ಮೊದಲು ಸೇಡಿ, ಆಮೇಲೆ ಡೆಲ್” ಎಂದು ಹೇಳಿದ್ದ. ಅಂದರೆ ಅರ್ಧಕ್ಕೇ ಎದ್ದರೂ ಲೇನಿಗೆ ಸೇಡಿಯ ಹಾಡು ಪೂರ್ತಿ ಸಿಗುತ್ತದೆ. ಅಜ್ಜನಿಗೆ ಮಾತ್ರ ಡೆಲ್ ಸಿಗುವುದಿಲ್ಲ.

ಇದನ್ನು ಅಜ್ಜನಿಗೆ ಹೇಳಬೇಕು ಅಂತ ಅವಳು ದಾರಿಯಲ್ಲಿ ಬಾಯಿ ತೆರೆದಿದ್ದಳು. ಆಮೇಲೆ ಅದೇ ಬಾಯಿಗೆ ಲೆಮನೇಡ್ ಸ್ಟ್ರಾ ಇಟ್ಟುಕೊಂಡು ಸುಮ್ಮನಾಗಿದ್ದಳು.

ದೀಪಗಳು ಆರಿದವು. ಇಡೀ ಅರೀನಾ ಹೋ ಎಂದಿತು. ಲೇನಿ ಸೀಟಿನಿಂದ ಜಿಗಿದು ನಿಂತಳು. ಕತ್ತಲಲ್ಲಿ ಸ್ಟೀಲ್ ಗಿಟಾರೊಂದು ಉದ್ದಕ್ಕೆ ನಿಟ್ಟುಸಿರು ಬಿಟ್ಟಿತು.

“ಡೆಲ್! ಡೆಲ್!” ಎಂದು ಜನ ಕೂಗಿದರು.

“ಅಯ್ಯೋ, ಸೇಡಿ ಅಲ್ವಾ ಮೊದಲು?” ಎಂದಳು ಲೇನಿ.

ಪಕ್ಕದ ಸೀಟಿನ ಆಂಟಿ ಅವಳ ಕಡೆ ಬಾಗಿದಳು. “ಊರೂರಿಗೆ ಬದಲಾಗುತ್ತೆ ಕಣಮ್ಮ. ಇಬ್ಬರೂ ಸರಿಸಮ ಅಲ್ವಾ? ಒಂದೂರಲ್ಲಿ ಇವನು ಕೊನೆಗೆ, ಮುಂದಿನೂರಲ್ಲಿ ಅವಳು ಕೊನೆಗೆ. ಇವತ್ತು ಕೊನೆಗೆ ಸೇಡಿ.”

ಲೇನಿ ದೊಪ್ಪನೆ ಕೂತಳು. ಟಕರ್ ಮೇಲೆ ಸಿಟ್ಟು ಬಂತು. ಡೆಲ್ ಮೇಲೆ, ಮನೆಯ ಹಸುಗಳ ಮೇಲೆ ಕೂಡ ಸಿಟ್ಟು ಬಂತು. ಸಿಟ್ಟಿನಲ್ಲೇ ಅಜ್ಜನ ಕಡೆ ತಿರುಗಿದಳು.

ಅಜ್ಜ ಎದ್ದು ನಿಂತಿದ್ದ. ಮಂಡಿ ನೋವು ಅಂತ ಚರ್ಚಿನಲ್ಲೂ ಕೂತೇ ಇರುವ ಅಜ್ಜ! ಅವನ ತುಟಿಗಳು ಸದ್ದಿಲ್ಲದೆ ಹಾಡುತ್ತಿದ್ದವು. ನೀಲಿ ಬೆಳಕು ಅವನ ಮುಖದ ಮೇಲೆ ಬಂದು ಹೋಗುತ್ತಿತ್ತು. ಕೆಳಗೆ ಜನ ಒಬ್ಬೊಬ್ಬರಾಗಿ ಮೊಬೈಲ್ ಬೆಳಕು ಹಚ್ಚಿದರು. ನೋಡನೋಡುತ್ತ ಇಡೀ ಕತ್ತಲು ಮಿಣುಕುಹುಳುಗಳ ಬಯಲಾಯಿತು.

ಈ ಹಾಡು ದಿನಾ ಕೊಟ್ಟಿಗೆಯಿಂದ ಬರುತ್ತಿತ್ತು. ಲೇನಿ ಒಂದು ದಿನವೂ ಕಿವಿಗೊಟ್ಟು ಕೇಳಿರಲಿಲ್ಲ. ಅದು ಯಾರೋ ಒಬ್ಬ ಬೆಟ್ಟದ ದಾರಿಯಲ್ಲಿ ನಿಧಾನವಾಗಿ ಮನೆಗೆ ನಡೆಯುವ ಹಾಡು. ಕೇಳುತ್ತಾ ಕೇಳುತ್ತಾ ಅವಳಿಗೆ ಒಣಹುಲ್ಲಿನ ವಾಸನೆ ಬಂದಂತಾಯಿತು. ಎಷ್ಟು ಹಾಡು ಮುಗಿದವೋ ಗೊತ್ತಾಗಲಿಲ್ಲ.

ಇಂಟರ್ವಲ್ ದೀಪ ಬಂದಾಗ ಅಜ್ಜ ಕರ್ಚೀಫಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದ.

“ಡೆಲ್ ಹಾಡು ಕೇಳ್ತೀನಿ ಅಂತ ನಾನು ಅಂದ್ಕೊಂಡೇ ಇರ್ಲಿಲ್ಲ ನೋಡು,” ಎಂದ.

“ಯಾಕಜ್ಜಾ?”

“ಟಕರ್ ಹೇಳಿದ್ನಲ್ಲ, ಮೊದಲು ನಿನ್ನ ಸೇಡಿ ಅಂತ. ಸರಿ, ನೀನು ಕೇಳಿದ್ರೆ ಸಾಕು ಅಂತ ಬಂದೆ.”

ಲೇನಿಯ ಕಿವಿ ಬಿಸಿಯಾಯಿತು. ಅವಳಿಗೆ ಗೊತ್ತಿದ್ದುದೇ ಅಜ್ಜನಿಗೂ ಗೊತ್ತಿತ್ತು. ಗೊತ್ತಿದ್ದೇ ಅಜ್ಜ ಟ್ರಕ್ ಓಡಿಸಿಕೊಂಡು ಬಂದಿದ್ದ. ದಾರಿಯುದ್ದಕ್ಕೂ ಸೀಟಿ ಹಾಕಿಕೊಂಡೇ ಬಂದಿದ್ದ.

“ಅಜ್ಜಾ, ಟಕರ್ ನನಗೂ ಹೇಳಿದ್ದ,” ಎಂದಳು ಬಹಳ ಸಣ್ಣ ದನಿಯಲ್ಲಿ.

ಅಜ್ಜ ಬಿಸಿ ಚೀಸ್ ಸುರಿದ ನಾಚೋ ಚಿಪ್ಸ್ ತಟ್ಟೆಯನ್ನು ಅವಳ ಕಡೆ ತಳ್ಳಿದ. “ತಿನ್ನು, ತಣ್ಣಗಾಗ್ತಿದೆ. ಹೊರಡೋ ಮಾತು ಬೇಡ. ಅಮ್ಮನಿಗೆ ನಾನು ಹೇಳ್ಕೋತೀನಿ.”

ಸೇಡಿ ಬಂದಳು! ಬೆಳ್ಳಿ ಬೂಟು, ಕೆಂಪು ಗಿಟಾರು. ಮೊದಲ ಹಾಡಿಗೆ ಲೇನಿ ಕುಣಿದಳು, ಕಿರುಚಿದಳು, ಗಂಟಲು ಒಡೆಯುವಷ್ಟು ಹಾಡಿದಳು. “ಅಜ್ಜಾ, ನೋಡಜ್ಜಾ!” ಎಂದು ತಿರುಗಿದಳು.

ಅಷ್ಟು ಗದ್ದಲದಲ್ಲೂ ಅಜ್ಜನಿಗೆ ನಿದ್ದೆ ಹತ್ತಿತ್ತು. ಗದ್ದ ಎದೆಗೆ ತಾಗಿತ್ತು. ಒರಟು ಕೈಗಳೆರಡೂ ಟೋಪಿಯ ಮೇಲೆ ಸುಮ್ಮನೆ ಬಿದ್ದಿದ್ದವು. ಇವತ್ತೂ ಅವನು ಸೂರ್ಯನಿಗಿಂತ ಮೊದಲೇ ಎದ್ದಿದ್ದ.

ಸ್ಟೇಜಿನ ಮೇಲೆ ಸೇಡಿ ಗಿಟಾರ್ ಶ್ರುತಿ ಮಾಡುತ್ತಿದ್ದಳು. “ಮುಂದಿನದು ‘ಹಸಿರು ಟ್ರಕ್ಕು’,” ಎಂದಳು ಮೈಕಿನಲ್ಲಿ. ಇಡೀ ಬೇಸಿಗೆ ಲೇನಿ ಕಾದಿದ್ದು ಆ ಒಂದು ಹಾಡಿಗೇ. ಅವಳು ಸ್ಟೇಜ್ ನೋಡಿದಳು, ಅಜ್ಜನನ್ನು ನೋಡಿದಳು. ಮತ್ತೆ ಸ್ಟೇಜ್ ನೋಡಿದಳು. ಆಮೇಲೆ ಅಜ್ಜನ ಭುಜ ಮುಟ್ಟಿದಳು.

“ಏಳಜ್ಜಾ. ಮನೆಗೆ ಹೋಗೋಣ.”

“ಆಂ? ಮುಗೀತಾ? ಇಷ್ಟು ಬೇಗ?”

“ಹೂಂ. ನಂದು ಮುಗೀತು.”

ಮೆಟ್ಟಿಲು ಇಳಿಯುವಾಗ ‘ಹಸಿರು ಟ್ರಕ್ಕು’ ಶುರುವಾಯಿತು. ಅಜ್ಜ ಥಟ್ಟನೆ ನಿಂತು ಅವಳ ಮುಖ ನೋಡಿದ. ಲೇನಿ ಅವನ ಕೈ ಹಿಡಿದು ಬಾಗಿಲ ಕಡೆ ಎಳೆದಳು. ಅಜ್ಜನ ಮಂಡಿ ನೋವಿಗೋ ಏನೋ, ಇಬ್ಬರೂ ಬಹಳ ನಿಧಾನವಾಗಿ ನಡೆದರು. ಉದ್ದನೆಯ ಖಾಲಿ ಕಾರಿಡಾರಿನಲ್ಲಿ ಹಾಡು ಕೊನೆಯವರೆಗೂ ಕೇಳಿಸುತ್ತಲೇ ಇತ್ತು.