ಅರ್ಜಿ ಯಾರ ಹೆಸರಲ್ಲಿ

"ನಿಮ್ಮ ನರ್ಸಿಂಗಿಗೆ ಅಲ್ಲಿ ಐದು ಪಾಯಿಂಟ್ ಉಂಟಂತೆ!"

ಮೋಹನದಾಸ ಭಾವ ಹೀಗೆ ಹೇಳಿಬಿಟ್ಟಾಗ ಯೋಗೀಶನ ಕೈಯಲ್ಲಿದ್ದ ಗೋಳಿಬಜೆ ಬಾಯಿಯವರೆಗೆ ಬಂದು ನಿಂತಿತು. ಡೊಂಬಿವಲಿಯ ಆ ಮನೆಗೆ ಅವರು ಹೆಣ್ಣು ನೋಡಲು ಬಂದಿದ್ದರು. ಚಹಾ ತಂದಿಟ್ಟ ದಮಯಂತಿ ಒಳಗೆ ಹೋಗಲಿಲ್ಲ. ಕುರ್ಚಿ ಎಳೆದು ಎದುರಿಗೇ ಕೂತಳು.

"ಯಾರಿಗೆ ಐದು?"

ಯೋಗೀಶ್ ಠಾಣೆಯ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಟೂಲ್ ಮೇಕರ್. 1999ರ ಜುಲೈಯಲ್ಲಿ ಬಂದ ಹೊಸ ನಿಯಮದಂತೆ ಆಸ್ಟ್ರೇಲಿಯಾಕ್ಕೆ ವಲಸೆ ಹೋಗಲು ನೂರಹತ್ತು ಪಾಯಿಂಟ್ ಬೇಕು. ಮೂವತ್ತಾದರೆ ವಯಸ್ಸಿನ ಪಾಯಿಂಟ್ ಇಳಿಯುತ್ತದೆ, ಮೂವತ್ತೈದಾದರೆ ಇನ್ನಷ್ಟು. ಅವನಿಗೆ ಮೂವತ್ತಾರು. ಇಂಗ್ಲಿಷ್ ಪರೀಕ್ಷೆಯಲ್ಲೂ ಸಾಧಾರಣ. ಕೊರತೆ ಐದು. ಹೆಂಡತಿಗೆ ಒಳ್ಳೆಯ ವೃತ್ತಿ, ಇಂಗ್ಲಿಷ್ ಇದ್ದರೆ ಗಂಡನ ಅರ್ಜಿಗೆ ಆ ಐದು ಸಿಗುತ್ತದೆ. ಭಾವನಿಗೆ ಇದನ್ನು ಹೇಳಿದವನು ಅವನೇ. ಆದರೆ ದಮಯಂತಿಯ ಫೋಟೋ ನೋಡುವ ಮೊದಲು.

"ಅಂದ್ರೆ ನಾನು ಇಂಗ್ಲಿಷ್ ಪೇಪರಿನ ಬದಲಿಗೆ," ಎಂದಳು, ಭಾವ ಲೆಕ್ಕವನ್ನೆಲ್ಲ ಬಿಡಿಸಿ ಹೇಳಿದ ಮೇಲೆ. ಕಣ್ಣಲ್ಲಿ ನಗು ಇತ್ತು, ತುಟಿಯಲ್ಲಿರಲಿಲ್ಲ. "ಅಪ್ಪಾ, ಇವರಿಗೊಂದು ಟ್ಯೂಷನ್ ಹುಡುಕಿಕೊಡಿ, ಸಾಕು."

ಮರುದಿನ ಅವಳು ಡ್ಯೂಟಿ ಮುಗಿಸಿ ಠಾಣೆ ಸ್ಟೇಷನ್ನಿನ ಕೋಪರಿ ಕಡೆಯ ಸೇತುವೆ ಹತ್ತುವಾಗ ಯೋಗೀಶ್ ಕಾಯುತ್ತಿದ್ದ.

"ಟ್ಯೂಷನ್ ಸಿಗ್ಲಿಲ್ವಾ?"

"ಸೇರಿದೆ. ಆ ಐದು ನಾನೇ ತರ್ತೇನೆ. ಸಿಗದಿದ್ರೆ ಇಲ್ಲೇ ಇರ್ತೇನೆ. ಹೇಗಾದ್ರೂ ಮದುವೆಗೆ ಕೇಳೋದು ನಿಮ್ಮನ್ನೇ."

"ಯಾಕೆ?"

"ಕುರ್ಚಿ ಎಳೆದು ಕೂತ್ರಲ್ಲ, ಅದಕ್ಕೆ."

ದಮಯಂತಿ ಬ್ಯಾಗಿನ ಪಟ್ಟಿ ಸರಿಮಾಡಿಕೊಂಡಳು. ಸರಿಯಾಗಿಯೇ ಇದ್ದ ಪಟ್ಟಿ. ಅವಳ ಮನೆ ಕಡೆಯ ಕಲ್ಯಾಣದ ಲೋಕಲ್ ಬಂದು ಹೋಯಿತು, ಅವಳು ಇಳಿದು ಹೋಗಲಿಲ್ಲ.

"ನನಗೆ ಇಪ್ಪತ್ತೊಂಬತ್ತು. ವಯಸ್ಸಿಗೆ ಪೂರ್ತಿ ಪಾಯಿಂಟ್, ನರ್ಸಿಂಗಿಗೂ ಪೂರ್ತಿ. ಇಂಗ್ಲಿಷ್ ಹೋದ ತಿಂಗಳೇ ಪಾಸು. ಅರ್ಜಿ ಗಂಡಸೇ ಹಾಕ್ಬೇಕು ಅಂತ ನಿಮ್ಮ ಭಾವನಿಗೆ ಯಾರು ಹೇಳಿದ್ದು?"

ಈ ಮಾತು ಯೋಗೀಶನಿಗೂ ಹೊಳೆದಿರಲಿಲ್ಲ.

"ಅರ್ಜಿ ನಿಮ್ಮ ಹೆಸರಲ್ಲಿ. ನನ್ನಿಂದ ನಿಮಗೆ ಐದು, ಅಲ್ವಾ?"

"ನಿಮ್ಮ ಐದು ಯಾರಿಗೆ ಬೇಕು ಮಾರಾಯ್ರೇ? ನನ್ನದೇ ನೂರಹತ್ತು ದಾಟಿದೆ."

"ಮತ್ತೆ ನಾನ್ಯಾಕೆ?"

ಅವಳು ಮೊದಲ ಸಲ ನೇರವಾಗಿ ಅವನತ್ತ ನೋಡಿದಳು. "ಅಷ್ಟು ದೂರ ಒಬ್ಬಳೇ ಹೋಗ್ಲಿಕ್ಕೆ ನಿನ್ನೆಯವರೆಗೆ ಮನಸ್ಸಿತ್ತು. ಇವತ್ತು ಇಲ್ಲ."

ಮುಂದಿನ ಲೋಕಲ್ಲಿನ ಸದ್ದು ಕೇಳಿಸಿತು.

"ಭಾನುವಾರ ಮನೆಗೆ ಬರ್ತೇನೆ," ಎಂದ ಯೋಗೀಶ್. "ಭಾವನನ್ನು ಬಿಟ್ಟು."

"ಅವರನ್ನೂ ಕರ್ಕೊಂಡು ಬನ್ನಿ," ಎಂದಳು ದಮಯಂತಿ, ಮೆಟ್ಟಿಲಿಳಿಯುತ್ತ. "ಈ ಸಲ ಚಹಾ ತರೋದು ನೀವು."